ಸ್ವಿಸ್ ಜನರ ರಾಜ್ಯಪದ್ಧತಿ

ಕೆಲವು ವರ್ಷಗಳ ಹಿಂದೆ ರಾಜ್ಯಶಾಸ್ತ್ರದ ತರಗತಿಯಲ್ಲಿ ನಾನು ಇಂಗ್ಲೆಂಡಿನ ಪ್ರಧಾನಮಂತ್ರಿಯ ಅಧಿಕಾರವನ್ನೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನ ಅಧಿಕಾರವನ್ನೂ ಹೋಲಿಸಿ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸ್ವಿಟ್ಸರ್ಲೆಂಡನ್ನು ಆಳುವವರು ಯಾರು, ಸಾರ್?" ಎಂದು ಕೇಳಿದನು. ಆ ದೇಶದ ಗಡಿಯಾರಗಳನ್ನು ಅರಿಯದವರು ತರಗತಿಯಲ್ಲಿ ಇರಲಿಲ್ಲ. ಅದರ ಮುಖ್ಯಾಧಿಕಾರಿಯ ಹೆಸರನ್ನು ಬಲ್ಲವರೂ ಇರಲಿಲ್ಲ. ಬೋಧಕನಾದ ನಾನೇ ತಡವರಿಸಿದೆನೆಂಬುದನ್ನು ಒಪ್ಪಿಕೊಳ್ಳಬೇಕು. ಆ ಹೊತ್ತಿಗೆ ನಾಚಿಕೆಯೆನಿಸಿದರೂ ಮನೆಗೆ ಬಂದು ಯೋಚಿಸಿದಾಗ ಬೇರೊಂದು ಭಾವ ಮೂಡಿತು. ಅಧಿಕಾರದಲ್ಲಿರುವವರ ಹೆಸರು ಜನರ ನಾಲಗೆಯ ಮೇಲೆ ನಿಲ್ಲದಂತೆ ಒಂದು ರಾಜ್ಯ ನಡೆಯುತ್ತಿದೆಯೆಂದರೆ, ಆ ರಾಜ್ಯದ ಕಟ್ಟಡದಲ್ಲಿ ಏನೋ ವಿಶೇಷವಿರಬೇಕಲ್ಲವೇ? ಆ ವಿಶೇಷವೇ ಈ ಹೊತ್ತಿನ ನಮ್ಮ ವಿಷಯ.

ಮೊದಲು ರಾಜ್ಯಾಂಗವೆಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ರಾಜ್ಯಾಂಗ ಅಥವಾ ಸಂವಿಧಾನವೆಂದರೆ ಒಂದು ಜನಾಂಗವು ತನ್ನನ್ನು ತಾನು ಆಳಿಕೊಳ್ಳುವುದಕ್ಕಾಗಿ ಮಾಡಿಕೊಂಡ ಮೂಲ ಕಟ್ಟಳೆ. ಅದು ಮುಖ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳತಕ್ಕದ್ದು: ಕಾನೂನನ್ನು ಮಾಡುವವರು ಯಾರು? ಅದನ್ನು ನಡಸುವವರು ಯಾರು? ತಪ್ಪಿ ನಡೆದವರನ್ನು ತಡೆಯುವವರು ಯಾರು? ಈ ಮೂವರಲ್ಲಿ ಒಮ್ಮತವಿಲ್ಲದಾಗ ಕೊನೆಯ ಮಾತು ಯಾರದು? ಎಲ್ಲ ಪ್ರಜಾರಾಜ್ಯಗಳೂ ಮೊದಲ ಮೂರು ಪ್ರಶ್ನೆಗಳಿಗೆ ಹೆಚ್ಚು ಕಡಮೆ ಒಂದೇ ಬಗೆಯ ಉತ್ತರ ಕೊಡುತ್ತವೆ. ನಾಲ್ಕನೆಯ ಪ್ರಶ್ನೆಗೆ ಸ್ವಿಸ್ ಜನ ಕೊಟ್ಟ ಉತ್ತರ ಮಾತ್ರ ಬಹುಮಟ್ಟಿಗೆ ಅವರದೇ.

ಸ್ವಿಟ್ಸರ್ಲೆಂಡ್ ನಮ್ಮವರಿಗೆ ತೀರ ಹೊಸ ಹೆಸರಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದು, ಮುಂದೆ ಅಚ್ಚುಕೂಟಕ್ಕೂ ಹಂಚಿನ ಕಾರ್ಖಾನೆಗೂ ಹೆಸರಾದ ಬಾಸೆಲ್ ಮಿಷನ್ನಿನ ತವರು ಸ್ವಿಸ್ ದೇಶದ ಬಾಸೆಲ್ ನಗರ. ೧೭೯೯ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕಂಪೆನಿಯ ಕಡೆ ಇದ್ದ ದಂಡುಗಳಲ್ಲಿ ಡಿ ಮ್ಯೂರಾನನ ಸ್ವಿಸ್ ಪಟಾಲಮೂ ಒಂದು. ಆ ಪಟಾಲಮಿನವರ ಗೋರಿಗಳು ಅಲ್ಲಿನ ಕಾವೇರಿತೀರದಲ್ಲಿ ಇಂದಿಗೂ ಇವೆ. ಬಡ ಬೆಟ್ಟನಾಡಿನ ಮಕ್ಕಳು ಹೊಟ್ಟೆಯ ಪಾಡಿಗಾಗಿ ಪರರಾಜರ ಯುದ್ಧಗಳಲ್ಲಿ ಕೂಲಿಗೆ ಕಾದಾಡುತ್ತಿದ್ದ ಕಾಲ ಅದು. ಆ ನಾಡು ಶಾಂತಿಗೂ ಸಂಪತ್ತಿಗೂ ಹೆಸರಾದುದು ಆಮೇಲಿನ ಮಾತು.

ದೇಶವು ಚಿಕ್ಕದು. ಅದರ ವಿಸ್ತೀರ್ಣ ಸುಮಾರು ೪೧,೩೦೦ ಚದರ ಕಿಲೋಮೀಟರು. ಇಂದಿನ ಕರ್ನಾಟಕದ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಜನಸಂಖ್ಯೆ ತೊಂಬತ್ತು ಲಕ್ಷದಷ್ಟು. ಇಷ್ಟು ಚಿಕ್ಕ ದೇಶದೊಳಗೆ ಒಡಕಿಗೆ ಬೇಕಾದ ಕಾರಣಗಳೆಲ್ಲ ತುಂಬಿಕೊಂಡಿವೆ. ಹತ್ತು ಮಂದಿಯಲ್ಲಿ ಆರು ಮಂದಿ ಜರ್ಮನ್ ಮಾತನಾಡುವವರು. ಇಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ಫ್ರೆಂಚ್. ಉಳಿದವರಲ್ಲಿ ಕೆಲವರು ಇಟಾಲಿಯನ್. ಗ್ರಿಸನ್ಸ್ ಕಣಿವೆಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಮೆ ಸಂಖ್ಯೆಯ ರೊಮಾನ್ಷ್ ಭಾಷೆಯವರು. ಮತದಲ್ಲಿ ಕೆಥೋಲಿಕರು, ಪ್ರಾಟೆಸ್ಟಂಟರು ಎಂಬ ಭೇದ. ಇವರನ್ನೆಲ್ಲ ಒಂದೇ ಚಪ್ಪರದಡಿಯಲ್ಲಿ ಕೂಡಿಸಿದುದು ಹೇಗೆ?

ಊರಿ, ಶ್ವೀಟ್ಸ್, ಉಂಟರ್‌ವಾಲ್ಡನ್ ಎಂಬ ಮೂರು ಬೆಟ್ಟನಾಡುಗಳು ೧೨೯೧ರಲ್ಲಿ ಪರಸ್ಪರ ರಕ್ಷಣೆಗಾಗಿ ಮಾಡಿಕೊಂಡ ಒಡಂಬಡಿಕೆಯನ್ನು ಆ ಜನ ತಮ್ಮ ರಾಜ್ಯದ ಆದಿಯೆಂದು ಎಣಿಸುತ್ತಾರೆ. ಕಾಲಕ್ರಮದಲ್ಲಿ ಬೇರೆ ನಾಡುಗಳೂ ಬಂದು ಸೇರಿದುವು. ಈ ನಾಡುಗಳಿಗೆ ಕ್ಯಾಂಟನ್ ಎಂದು ಹೆಸರು. ಆದರೆ ಶತಮಾನಗಳವರೆಗೆ ಅದು ಸ್ನೇಹದ ಕೂಟವಾಗಿತ್ತೇ ಹೊರತು ಒಂದು ರಾಜ್ಯವಾಗಿರಲಿಲ್ಲ. ೧೮೪೫ರಲ್ಲಿ ಏಳು ಕೆಥೋಲಿಕ್ ಕ್ಯಾಂಟನ್‌ಗಳು ಪ್ರತ್ಯೇಕ ಕೂಟ ಕಟ್ಟಿಕೊಂಡುವು. ೧೮೪೭ರ ನವೆಂಬರಿನಲ್ಲಿ ಅಂತರ್ಯುದ್ಧವೇ ಆಯಿತು. ಆ ಯುದ್ಧ ಒಂದು ತಿಂಗಳೊಳಗೆ ಮುಗಿಯಿತು. ಸತ್ತವರು ನೂರರ ಆಸುಪಾಸು. ಒಕ್ಕೂಟದ ಸೇನಾಪತಿ ಡ್ಯೂಫೂರನು ಗಾಯಗೊಂಡ ಶತ್ರುವನ್ನೂ ಸೋತವನನ್ನೂ ದಯೆಯಿಂದ ಕಾಣಬೇಕೆಂದು ತನ್ನ ಸೈನಿಕರಿಗೆ ಆಜ್ಞಾಪಿಸಿದ್ದನು. ಇದೇ ಡ್ಯೂಫೂರನು ಮುಂದೆ ೧೮೬೩ರಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬನಾದನು.

ಗೆದ್ದವರು ಮರುವರ್ಷವೇ, ಎಂದರೆ ೧೮೪೮ರ ಸೆಪ್ಟೆಂಬರ್ ೧೨ರಂದು, ಹೊಸ ರಾಜ್ಯಾಂಗವನ್ನು ಜಾರಿಗೆ ತಂದರು. ಅದರಲ್ಲಿ ಸೋತವರ ಹಕ್ಕುಗಳಿಗೂ ಸ್ಥಳವಿತ್ತು. ಗೆದ್ದವನು ಎಲ್ಲವನ್ನೂ ಬಾಚಿಕೊಳ್ಳಬಾರದೆಂಬ ವಿವೇಕವೇ ಆ ರಾಜ್ಯಾಂಗದ ಬುನಾದಿ. ಅದನ್ನು ೧೮೭೪ರಲ್ಲಿ ಸಮಗ್ರವಾಗಿ ತಿದ್ದಿದರು. ೧೯೯೯ರ ಏಪ್ರಿಲಿನಲ್ಲಿ ಜನರೂ ಕ್ಯಾಂಟನ್‌ಗಳೂ ಒಪ್ಪಿದ ಹೊಸ ರೂಪವು ೨೦೦೦ದ ಜನವರಿ ೧ರಿಂದ ನಡೆಯುತ್ತಿದೆ. ಬುನಾದಿ ಮಾತ್ರ ಹಳೆಯದೇ.

ಈ ಕಟ್ಟಡಕ್ಕೆ ಮೂರು ಅಂತಸ್ತು. ಕೆಳಗೆ ಊರು, ನಡುವೆ ಕ್ಯಾಂಟನ್, ಮೇಲೆ ಒಕ್ಕೂಟ. ಊರುಗಳು ಎರಡು ಸಾವಿರಕ್ಕೂ ಮಿಕ್ಕು, ಕ್ಯಾಂಟನ್‌ಗಳು ೨೬. ಒಕ್ಕೂಟಕ್ಕೆ ಯಾವ ಅಧಿಕಾರವನ್ನು ರಾಜ್ಯಾಂಗವು ಸ್ಪಷ್ಟವಾಗಿ ಕೊಟ್ಟಿದೆಯೋ ಅಷ್ಟೇ ಅದರದು, ಉಳಿದುದೆಲ್ಲ ಕ್ಯಾಂಟನ್ನಿನದು. ನಮ್ಮ ಭಾರತದಲ್ಲಿ ಉಳಿಕೆಯ ಅಧಿಕಾರ ಕೇಂದ್ರಕ್ಕೆ ಸೇರಿದ್ದೆಂಬುದನ್ನು ನೆನೆದರೆ ವ್ಯತ್ಯಾಸವು ತಿಳಿಯುತ್ತದೆ. ಶಾಲೆ, ಪೋಲೀಸು, ಆಸ್ಪತ್ರೆ ಇವುಗಳಲ್ಲಿ ಬಹುಭಾಗ ಕ್ಯಾಂಟನ್ನಿನ ಹೊಣೆ. ಒಬ್ಬನು ಸ್ವಿಸ್ ಪ್ರಜೆಯಾಗುವುದು ಕೂಡ ಯಾವುದಾದರೊಂದು ಊರಿನ ಮತ್ತು ಕ್ಯಾಂಟನ್ನಿನ ಪ್ರಜೆಯಾಗುವುದರ ಮೂಲಕವೇ.

ಭಾಷೆಯ ವಿಷಯದಲ್ಲಿಯೂ ಇದೇ ನೀತಿ. ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರೂ ೧೮೪೮ರಿಂದಲೇ ರಾಷ್ಟ್ರಭಾಷೆಗಳು. ೧೯೩೮ರಲ್ಲಿ, ಪಕ್ಕದ ದೇಶಗಳಲ್ಲಿ ಒಂದು ಜನಾಂಗ ಒಂದು ಭಾಷೆ ಎಂಬ ಉನ್ಮಾದವು ಹಬ್ಬಿದ್ದ ಸಮಯದಲ್ಲಿ, ಸ್ವಿಸ್ ಮತದಾರರು ಹಿಡಿಯಷ್ಟು ಮಂದಿಯ ರೊಮಾನ್ಷ್ ಭಾಷೆಯನ್ನು ನಾಲ್ಕನೆಯ ರಾಷ್ಟ್ರಭಾಷೆಯೆಂದು ಅಂಗೀಕರಿಸಿದರು. ಇಂದು ಅವರ ನೋಟಿನ ಮೇಲೆ ನಾಲ್ಕು ಭಾಷೆಗಳೂ ಅಚ್ಚಾಗಿರುತ್ತವೆ.

ಇನ್ನು ಕಾನೂನು ಮಾಡುವ ಸಭೆ. ರಾಜಧಾನಿಯಂತಿರುವ ಬರ್ನ್ ನಗರದಲ್ಲಿ ಎರಡು ಮನೆಗಳ ಶಾಸನಸಭೆಯುಂಟು. ರಾಷ್ಟ್ರಸಭೆಯಲ್ಲಿ ೨೦೦ ಮಂದಿ. ಜನಸಂಖ್ಯೆಗೆ ಅನುಸಾರವಾಗಿ ಕ್ಯಾಂಟನ್‌ಗಳಿಗೆ ಹಂಚಿಕೆ. ೧೯೧೯ರಿಂದ ಪಕ್ಷಗಳಿಗೆ ಬಿದ್ದ ಮತಗಳ ಪ್ರಮಾಣದಲ್ಲಿಯೇ ಸ್ಥಾನಗಳು ದೊರೆಯುತ್ತವೆ. ಕ್ಯಾಂಟನ್ ಸಭೆಯಲ್ಲಿ ೪೬ ಮಂದಿ. ಇಪ್ಪತ್ತು ಕ್ಯಾಂಟನ್‌ಗಳಿಗೆ ಎರಡೆರಡು ಸ್ಥಾನ, ಹಿಂದೆ ಅರ್ಧ ಕ್ಯಾಂಟನ್ ಎನಿಸಿಕೊಂಡಿದ್ದ ಆರಕ್ಕೆ ಒಂದೊಂದು. ಅಮೆರಿಕಾದ ಮಾದರಿಯನ್ನು ನೋಡಿ ಮಾಡಿಕೊಂಡ ಏರ್ಪಾಡಿದು. ಎರಡು ಮನೆಗಳ ಅಧಿಕಾರವೂ ಸರಿಸಮ. ಎರಡೂ ಒಪ್ಪಿದ ಹೊರತು ಯಾವ ಮಸೂದೆಯೂ ಕಾನೂನಾಗದು.

ಕಾನೂನನ್ನು ನಡಸುವವರು ಯಾರು? ಇಲ್ಲಿ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬಂದೆವು. ಸ್ವಿಟ್ಸರ್ಲೆಂಡಿನಲ್ಲಿ ಪ್ರಧಾನಮಂತ್ರಿಯಿಲ್ಲ. ಏಳು ಮಂದಿಯ ಒಂದು ಮಂಡಲವಿದೆ. ಸಂಯುಕ್ತ ಮಂಡಲವೆಂದು ಕರೆಯೋಣ. ಶಾಸನಸಭೆಯ ಎರಡು ಮನೆಗಳೂ ಒಟ್ಟಿಗೆ ಕುಳಿತು, ಗುಪ್ತ ಮತದಿಂದ, ನಾಲ್ಕು ವರ್ಷಗಳಿಗೆ ಈ ಏಳು ಮಂದಿಯನ್ನು ಒಬ್ಬೊಬ್ಬರಾಗಿ ಆರಿಸುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಇಲಾಖೆ. ಮುಖ್ಯ ನಿರ್ಣಯಗಳು ಮಾತ್ರ ಏಳು ಮಂದಿಯವೂ ಕೂಡಿ. ಒಳಗೆ ಎಷ್ಟು ವಾದ ನಡೆದಿದ್ದರೂ ಹೊರಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತು. ಇವರಲ್ಲಿ ಒಬ್ಬರು ಒಂದು ವರ್ಷದ ಮಟ್ಟಿಗೆ ಒಕ್ಕೂಟದ ಅಧ್ಯಕ್ಷರು. ಮರುವರ್ಷ ಆ ಸ್ಥಾನ ಇನ್ನೊಬ್ಬರದು. ಅಧ್ಯಕ್ಷರು ಸಭೆಯನ್ನು ನಡಸುತ್ತಾರೆ, ಅತಿಥಿಗಳನ್ನು ಎದುರುಗೊಳ್ಳುತ್ತಾರೆ. ಉಳಿದ ಆರು ಮಂದಿಗೆ ಅವರು ಯಜಮಾನರಲ್ಲ. ಆ ಹೆಸರು ನಮಗಾರಿಗೂ ನೆನಪಿರದಿದ್ದುದರ ಗುಟ್ಟು ಇದೇ.

ನಮ್ಮ ಪದ್ಧತಿಗೂ ಇದಕ್ಕೂ ಇನ್ನೊಂದು ದೊಡ್ಡ ಭೇದವುಂಟು. ನಮ್ಮಲ್ಲಿ ಲೋಕಸಭೆಯ ವಿಶ್ವಾಸವು ತಪ್ಪಿದ ದಿನ ಮಂತ್ರಿಮಂಡಲವು ಬೀಳುತ್ತದೆ. ಅಲ್ಲಿ ಅವಿಶ್ವಾಸ ನಿರ್ಣಯವೆಂಬುದೇ ಇಲ್ಲ. ಮಂಡಲವು ತಂದ ಮಸೂದೆಯನ್ನು ಸಭೆ ತಳ್ಳಿದರೆ, ಅಥವಾ ಜನರೇ ತಳ್ಳಿದರೆ, ಮಂಡಲದವರು ರಾಜೀನಾಮೆ ಕೊಡುವುದಿಲ್ಲ; ತಲೆಬಾಗಿ ಬೇರೆ ಮಸೂದೆ ಬರೆಯಲು ಕುಳಿತುಕೊಳ್ಳುತ್ತಾರೆ. ಸಭೆಯನ್ನು ವಿಸರ್ಜಿಸುವ ಅಧಿಕಾರವೂ ಅವರಿಗಿಲ್ಲ. ಇವರು ಸಭೆಯ ಸದಸ್ಯರಾಗಿಯೂ ಇರುವಂತಿಲ್ಲ. ಕಾಲ ತುಂಬಿದ ಮೇಲೆ ಮತ್ತೆ ನಿಂತವರನ್ನು ಸಭೆಯು ಮತ್ತೆ ಆರಿಸುವುದೇ ವಾಡಿಕೆ. ೧೮೪೮ರಿಂದ ಈಚೆಗೆ ಸ್ಥಾನದಲ್ಲಿದ್ದವರನ್ನು ಸಭೆ ಕೈಬಿಟ್ಟದ್ದು ನಾಲ್ಕೇ ಸಲ: ೧೮೫೪, ೧೮೭೨, ೨೦೦೩, ೨೦೦೭.

ಈಗ ಸ್ವಿಸ್ ರಾಜ್ಯಾಂಗದ ಹೃದಯಕ್ಕೆ ಬರುತ್ತೇವೆ. ಕೊನೆಯ ಮಾತು ಯಾರದು? ಸಭೆಯದಲ್ಲ, ಮಂಡಲದ್ದಲ್ಲ, ಮತದಾರರದು. "ಜನವಾಕ್ಯಂತು ಕರ್ತವ್ಯಂ" ಎಂದು ನಾವು ಬಾಯಲ್ಲಿ ಹೇಳುವುದನ್ನು ಆ ಜನ ಕಾನೂನಿನ ಕಲಮನ್ನಾಗಿ ಬರೆದಿಟ್ಟಿದ್ದಾರೆ. ಅದಕ್ಕೆ ಮೂರು ದಾರಿಗಳುಂಟು.

ಮೊದಲನೆಯದು ಕಡ್ಡಾಯವಾದ ಜನಮತಗಣನೆ. ರಾಜ್ಯಾಂಗದ ಒಂದಕ್ಷರವನ್ನು ತಿದ್ದಬೇಕಾದರೂ ಜನರ ಮುಂದೆ ಹೋಗಲೇಬೇಕು. ಮತ್ತು ಒಟ್ಟು ಮತದಾರರಲ್ಲಿ ಬಹುಮತವೊಂದೇ ಸಾಲದು, ಕ್ಯಾಂಟನ್‌ಗಳಲ್ಲಿಯೂ ಬಹುಮತ ಬರಬೇಕು. ದೊಡ್ಡ ಊರುಗಳ ಜನರೇ ಸೇರಿ ಬೆಟ್ಟದ ಹಳ್ಳಿಗಳ ಮೇಲೆ ಸವಾರಿ ಮಾಡಬಾರದೆಂಬ ಎಚ್ಚರಿಕೆ ಇದು. ದೇಶವು ವಿಶ್ವಸಂಸ್ಥೆಗೆ ಸೇರಬೇಕೇ ಎಂಬ ಪ್ರಶ್ನೆಯೂ ಹೀಗೆಯೇ ಜನರ ಮುಂದೆ ಬಂದಿತು. ೧೯೮೬ರಲ್ಲಿ ಬೇಡವೆಂದರು. ೨೦೦೨ರಲ್ಲಿ ಒಪ್ಪಿದರು, ಆದರೆ ಕ್ಯಾಂಟನ್‌ಗಳ ಲೆಕ್ಕದಲ್ಲಿ ಹನ್ನೆರಡಕ್ಕೆ ಹನ್ನೊಂದು. ಒಂದೇ ಒಂದು ಕ್ಯಾಂಟನ್ ಆಚೆಗೆ ವಾಲಿದ್ದರೆ ಆ ಸಲವೂ ಬಾಗಿಲು ಮುಚ್ಚುತ್ತಿತ್ತು.

ಎರಡನೆಯದು ೧೮೭೪ರಲ್ಲಿ ಬಂದ ಐಚ್ಛಿಕ ಜನಮತಗಣನೆ. ಸಭೆ ಮಾಡಿದ ಕಾನೂನು ಸರಿಯಿಲ್ಲವೆಂದು ತೋರಿದರೆ, ನೂರು ದಿನಗಳೊಳಗೆ ಐವತ್ತು ಸಾವಿರ ಮತದಾರರ ರುಜು ಕೂಡಿಸಿದವರು ಆ ಕಾನೂನನ್ನು ಜನರ ತೀರ್ಪಿಗೆ ಎಳೆಯಬಹುದು. ಇದಕ್ಕೆ ರೆಫರೆಂಡಂ ಎಂದು ಹೆಸರು. ಮೂರನೆಯದು ೧೮೯೧ರಲ್ಲಿ ಬಂದ ಜನಪ್ರಸ್ತಾವ ಅಥವಾ ಇನಿಷಿಯೇಟಿವ್. ಹದಿನೆಂಟು ತಿಂಗಳಲ್ಲಿ ಒಂದು ಲಕ್ಷ ರುಜು ಕೂಡಿಸಿದ ಯಾವ ಗುಂಪೇ ಆಗಲಿ ರಾಜ್ಯಾಂಗದ ತಿದ್ದುಪಡಿಯನ್ನು ಸೂಚಿಸಬಹುದು. ಮೊದಲನೆಯ ಅಸ್ತ್ರವು ಕಡಿವಾಣ, ಎರಡನೆಯದು ಚಾವಟಿ. ವರ್ಷದಲ್ಲಿ ಸಾಮಾನ್ಯವಾಗಿ ನಾಲ್ಕು ಸಲ ಮತದಾನದ ಭಾನುವಾರಗಳು ಬರುತ್ತವೆ.

ಜನರ ಕೈಗೆ ಇಷ್ಟು ಕೊಟ್ಟರೆ ಅವರು ಸ್ವಾರ್ಥದಿಂದ ರಾಜ್ಯವನ್ನೇ ಹಾಳುಮಾಡಿಯಾರು ಎಂದು ಶಂಕಿಸುವವರುಂಟು. ಅವರಿಗೆ ಒಂದು ಉದಾಹರಣೆ. ೨೦೧೨ರ ಮಾರ್ಚಿನಲ್ಲಿ, ಕೆಲಸಗಾರರೆಲ್ಲರಿಗೂ ವರ್ಷಕ್ಕೆ ಕನಿಷ್ಠ ನಾಲ್ಕು ವಾರವಿದ್ದ ಸಂಬಳದ ರಜವನ್ನು ಆರು ವಾರಕ್ಕೆ ಏರಿಸಬೇಕೆಂಬ ಪ್ರಸ್ತಾವವು ಮತಕ್ಕೆ ಬಂದಿತು. ಮೂರರಲ್ಲಿ ಎರಡು ಪಾಲು ಮತದಾರರು ಬೇಡವೆಂದರು! ತಮಗೆ ಬರುವ ರಜವನ್ನು ತಾವೇ ನಿರಾಕರಿಸಿದ ಜನ. ನಿರ್ಣಯವು ಸರಿಯೋ ತಪ್ಪೋ ಬೇರೆ ಮಾತು. ಲೆಕ್ಕ ಹಾಕಿ ಮತ ಕೊಡುವ ಅಭ್ಯಾಸವು ಅವರಿಗೆ ಬಂದಿದೆಯೆಂಬುದು ನಿಶ್ಚಯ. ಜನಪ್ರಸ್ತಾವಗಳಲ್ಲಿ ಜಯಗಳಿಸಿದುವು ಹತ್ತರಲ್ಲಿ ಒಂದರ ಆಸುಪಾಸು.

ರೆಫರೆಂಡಮಿಗೆ ಇನ್ನೊಂದು ಫಲವೂ ಆಯಿತು; ಅದನ್ನು ರೂಪಿಸಿದವರು ಪ್ರಾಯಶಃ ಊಹಿಸಿರಲಾರರು. ೧೮೪೮ರಿಂದ ಏಳಕ್ಕೆ ಏಳು ಸ್ಥಾನಗಳೂ ಅಂತರ್ಯುದ್ಧದಲ್ಲಿ ಗೆದ್ದ ಉದಾರ ಪಕ್ಷದವರವೇ ಆಗಿದ್ದುವು. ಆದರೆ ಸೋತ ಕೆಥೋಲಿಕ್ ಪಕ್ಷದವರು ರುಜು ಕೂಡಿಸಿ ಕೂಡಿಸಿ ಕಾನೂನಿನ ಮೇಲೆ ಕಾನೂನನ್ನು ಬೀಳಿಸತೊಡಗಿದರು. ಹೊರಗಿಟ್ಟವರ ಕಾಟಕ್ಕಿಂತ ಒಳಗೆ ಕರೆದು ಮಣೆ ಹಾಕುವುದೇ ಲೇಸೆಂದು ಆಳುವವರಿಗೆ ಕಂಡಿತು. ೧೮೯೧ರಲ್ಲಿ ಆ ಪಕ್ಷದ ಯೋಸೆಫ್ ಚೆಂಪ್ ಮಂಡಲವನ್ನು ಸೇರಿದನು. ೧೯೪೩ರಲ್ಲಿ ಸಮಾಜವಾದಿಗಳಿಗೂ ಒಂದು ಸ್ಥಾನ ದೊರೆಯಿತು. ೧೯೫೯ರಿಂದ ದೊಡ್ಡ ನಾಲ್ಕು ಪಕ್ಷಗಳೂ ಕೂಡಿಯೇ ಆಳುವ ವಾಡಿಕೆ ನೆಲೆಗೊಂಡಿತು. ಪ್ರತಿಪಕ್ಷವನ್ನು ಸೋಲಿಸುವುದಕ್ಕಿಂತ ಪಾಲುಗಾರರನ್ನಾಗಿ ಮಾಡಿಕೊಳ್ಳುವ ಈ ನೀತಿಗೆ ಔದಾರ್ಯ ಸ್ವಲ್ಪ ಕಾರಣ, ಜನಮತದ ಭಯ ಬಹಳ ಕಾರಣ. ಭಯದಿಂದ ಹುಟ್ಟಿದರೂ ಒಳ್ಳೆಯ ಅಭ್ಯಾಸವು ಒಳ್ಳೆಯದೇ.

ಇಷ್ಟರಿಂದ ಸ್ವಿಸ್ ರಾಜ್ಯಾಂಗವು ದೋಷರಹಿತವಾದುದೆಂದು ಕೇಳುಗರು ಭಾವಿಸಬಾರದು. ಕೊನೆಯ ಮಾತು ಜನರದೆಂದು ಹೇಳಿದೆನಷ್ಟೆ. ಜನರೆಂದರೆ ಯಾರು? ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಆ ಮಾತಿಗೆ ಗಂಡಸರೆಂದೇ ಅರ್ಥವಿತ್ತು. ೧೯೨೯ರಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ಎರಡೂವರೆ ಲಕ್ಷದಷ್ಟು ರುಜುಗಳ ಮನವಿ ಬರ್ನ್ ನಗರಕ್ಕೆ ಹೋಯಿತು, ಫಲವಾಗಲಿಲ್ಲ. ೧೯೫೭ರಲ್ಲಿ, ಸ್ತ್ರೀಯರಿಗೂ ನಾಗರಿಕ ರಕ್ಷಣೆಯ ಸೇವೆಯನ್ನು ಕಡ್ಡಾಯಮಾಡಬೇಕೇ ಎಂಬ ಪ್ರಶ್ನೆ ಮತಕ್ಕೆ ಬಂದಿತು. ಸೇವೆ ಸ್ತ್ರೀಯರದು, ಮತ ಗಂಡಸರದು! ವಾಲೇ ಕ್ಯಾಂಟನ್ನಿನ ಉಂಟರ್‌ಬೇಖ್ ಎಂಬ ಬೆಟ್ಟದ ಹಳ್ಳಿಯಲ್ಲಿ ೩೩ ಮಂದಿ ಹೆಂಗಸರು ಊರಿನವರ ಒಪ್ಪಿಗೆಯಿಂದ ಮತಪತ್ರ ಹಾಕಿದರು. ಆ ಮತಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ೧೯೫೯ರಲ್ಲಿ ಪ್ರಶ್ನೆಯನ್ನು ನೇರವಾಗಿ ಕೇಳಿದಾಗ ಮೂರರಲ್ಲಿ ಎರಡು ಪಾಲು ಗಂಡಸರು ಬೇಡವೆಂದರು. ಒಪ್ಪಿಗೆ ದೊರೆತದ್ದು ೧೯೭೧ರ ಫೆಬ್ರವರಿ ೭ರಂದು. ಭಾರತದಲ್ಲಿ ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ರಾಜ್ಯಾಂಗವು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ವಯಸ್ಕರಿಗೂ ಮತಾಧಿಕಾರ ಕೊಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಅಲ್ಲಿಗೂ ಕಥೆ ಮುಗಿಯಲಿಲ್ಲ. ಅಪ್ಪೆನ್‌ಝೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಕ್ಯಾಂಟನ್ನಿನಲ್ಲಿ ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಯ ಭಾನುವಾರ, ಮತದಾರರೆಲ್ಲ ಬಯಲಿನಲ್ಲಿ ನೆರೆದು ಕೈಯೆತ್ತಿ ಕಾನೂನನ್ನು ಒಪ್ಪುವ ಪದ್ಧತಿ ಇದೆ. ಗ್ಲಾರಸ್ ಕ್ಯಾಂಟನ್ನಿನಲ್ಲಿಯೂ ಇದು ಉಳಿದಿದೆ. ಪ್ರಾಚೀನ ಗ್ರೀಸನ್ನು ನೆನಪಿಗೆ ತರುವ ದೃಶ್ಯವೆಂದು ಪ್ರವಾಸಿಗಳು ಕೊಂಡಾಡುತ್ತಾರೆ. ಅಪ್ಪೆನ್‌ಝೆಲ್ಲಿನ ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬರುತ್ತಾರೆ. ಆ ಕತ್ತಿಯೇ ಮತಾಧಿಕಾರದ ಗುರುತು. ಇದೇ ಬಯಲಿನಲ್ಲಿ ೧೯೯೦ರ ಏಪ್ರಿಲಿನಲ್ಲಿ, ಕ್ಯಾಂಟನ್ನಿನ ವಿಷಯಗಳಲ್ಲಿ ಸ್ತ್ರೀಯರಿಗೆ ಮತ ಬೇಡವೆಂದು ಗಂಡಸರು ಮತ್ತೊಮ್ಮೆ ಕೈಯೆತ್ತಿದರು. ಅದೇ ವರ್ಷದ ನವೆಂಬರಿನಲ್ಲಿ ಲೊಸಾನ್ ನಗರದ ಸಂಯುಕ್ತ ಉಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ೧೯೮೧ರಿಂದ ಒಕ್ಕೂಟದ ರಾಜ್ಯಾಂಗದಲ್ಲಿ ಸ್ತ್ರೀ ಪುರುಷರ ಸಮಾನತೆಯ ವಿಧಿಯಿದೆ. ಆದುದರಿಂದ ಕ್ಯಾಂಟನ್ನಿನ ಕಟ್ಟಳೆಯಲ್ಲಿ "ನಾಡಿನ ಜನ" ಎಂದಿರುವ ಮಾತಿಗೆ ಸ್ತ್ರೀಯರೂ ಸೇರುತ್ತಾರೆ ಎಂದು ನ್ಯಾಯಾಧೀಶರು ಅರ್ಥಮಾಡಿದರು. ೧೯೯೧ರ ಸಭೆಗೆ ಹೆಂಗಸರೂ ಬಂದರು. ಒಂದೇ ಒಂದು ಅಕ್ಷರವೂ ಬದಲಾಗಲಿಲ್ಲ. ಅದರ ಅರ್ಥ ಬದಲಾಯಿತು.

ಈ ನ್ಯಾಯಾಲಯದ ಕೈಗೂ ಒಂದು ಕಟ್ಟು ಉಂಟು. ಕ್ಯಾಂಟನ್ನಿನ ಕಾನೂನನ್ನು ಅದು ತಳ್ಳಿಹಾಕಬಹುದು. ಒಕ್ಕೂಟದ ಶಾಸನಸಭೆ ಮಾಡಿದ ಕಾನೂನನ್ನು ಮಾತ್ರ ರಾಜ್ಯಾಂಗವಿರುದ್ಧವೆಂದು ರದ್ದುಮಾಡುವಂತಿಲ್ಲ. ನಮ್ಮ ಸುಪ್ರೀಂ ಕೋರ್ಟಿಗೆ ಇರುವ ಬಲ ಅದಕ್ಕಿಲ್ಲ. ಹೀಗಿರುವುದರಿಂದ ಬಹುಮತವು ಕೋಪದಲ್ಲಿಯೋ ಅಂಜಿಕೆಯಲ್ಲಿಯೋ ಮಾಡಿದ ನಿರ್ಣಯಕ್ಕೆ ತಡೆ ಕಡಮೆ. ೨೦೦೯ರಲ್ಲಿ ಮಸೀದಿಗಳಿಗೆ ಹೊಸದಾಗಿ ಮಿನಾರು ಕಟ್ಟಬಾರದೆಂಬ ನಿಷೇಧವನ್ನು ನೂರಕ್ಕೆ ಐವತ್ತೇಳಕ್ಕೂ ಹೆಚ್ಚು ಮತಗಳು ರಾಜ್ಯಾಂಗದೊಳಗೇ ಸೇರಿಸಿದುವು. ಆಗ ಆ ದೇಶದಲ್ಲಿ ಇದ್ದ ಮಿನಾರುಗಳು ನಾಲ್ಕೇ. ಇಂದಿಗೂ ಆ ದೇಶದ ನಿವಾಸಿಗಳಲ್ಲಿ ಕಾಲು ಭಾಗಕ್ಕೂ ಮಿಕ್ಕ ಮಂದಿ ವಿದೇಶೀಯರೆನಿಸಿ ಒಕ್ಕೂಟದ ಮತಾಧಿಕಾರದಿಂದ ಹೊರಗಿದ್ದಾರೆ. ಜನರೆಂದರೆ ಯಾರೆಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ಅಲ್ಲಿಯೂ ಇನ್ನೂ ಬಂದಿಲ್ಲ.

ಹಾಗಾದರೆ ನಾವು ಕಲಿಯತಕ್ಕದ್ದೇನು? ನೂರ ನಲವತ್ತು ಕೋಟಿ ಜನರ ದೇಶದಲ್ಲಿ ವರ್ಷಕ್ಕೆ ನಾಲ್ಕು ಸಲ ಜನಮತಗಣನೆ ನಡಸಬೇಕೆಂದು ನಾನು ಹೇಳುವವನಲ್ಲ. ಒಬ್ಬರ ಅಂಗಿ ಇನ್ನೊಬ್ಬರ ಮೈಗೆ ಹಿಡಿಯುವುದಿಲ್ಲ. ಅಧಿಕಾರವನ್ನು ಒಬ್ಬನಲ್ಲಿ ಕೂಡಿಡದೆ ಹಂಚಬಹುದು. ಸೋತವರನ್ನು ಹೊರಗೆ ನೂಕದೆ ಪಾಲು ಕೊಡಬಹುದು. ಚಿಕ್ಕ ಭಾಷೆಗೂ ಚಿಕ್ಕ ನಾಡಿಗೂ ಮರ್ಯಾದೆಯಿಟ್ಟು ದೊಡ್ಡ ರಾಜ್ಯವನ್ನು ಕಟ್ಟಬಹುದು. ಇವಿಷ್ಟನ್ನು ಸ್ವಿಸ್ ಜನ ಮಾಡಿ ತೋರಿಸಿದ್ದಾರೆ. ಬಹುಮತವೊಂದೇ ನ್ಯಾಯವಲ್ಲ, ಎಣಿಕೆಗೆ ಬಾರದವರ ಮಾತನ್ನೂ ಕೇಳುವ ಕಿವಿ ರಾಜ್ಯಾಂಗದಲ್ಲಿ ಎಲ್ಲಿಯಾದರೂ ಇರಬೇಕು ಎಂಬುದು ಅವರ ತಪ್ಪಿನಿಂದ ನಾವು ಕಲಿಯುವ ಪಾಠ.

ಮರುದಿನ ತರಗತಿಯಲ್ಲಿ ಆ ವಿದ್ಯಾರ್ಥಿಗೆ ಅಧ್ಯಕ್ಷರ ಹೆಸರನ್ನೂ ಉಳಿದ ಆರು ಮಂದಿಯ ಹೆಸರುಗಳನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಿದೆನು. ಅವನು ಬರೆದುಕೊಂಡು, "ಇವರು ನಡಸುವವರು, ಸಾರ್. ಆಳುವವರು ಯಾರು ಎಂದು ನಾನು ಕೇಳಿದ್ದು" ಎಂದನು. ಅಂದಿನ ಪಾಠವನ್ನು ಅಲ್ಲಿಂದಲೇ ಪ್ರಾರಂಭಿಸಿದೆನು.